ಒಂಬತ್ತನೇ ಮೆಟ್ಟಿಲ ಬೀಗ

ಮತ್ತೆ ಮಂಕಾಯಿತು, ತಲೆಯ ಮೇಲಿನ ಟ್ಯೂಬ್‌ಲೈಟು, ಒಂದು ಗಳಿಗೆ ಹಳದಿಗೆ ಇಳಿದು ಮತ್ತೆ ಬೆಳ್ಳಗಾಯಿತು, ಅಂದರೆ ಪಕ್ಕದ ಕೋಣೆಯ ಗಲೀನಾ ಪೆತ್ರೊವ್ನಾ ಚಹಾಕ್ಕೆ ಕೆಟಲ್ ಹಚ್ಚಿದರು, ಅಂದರೆ ಹತ್ತೂ ಇಪ್ಪತ್ತು, ಗಡಿಯಾರ ನೋಡುವುದೇ ಬೇಡ — ಇಡೀ ದೇಶದ ವಿದ್ಯುತ್ ಜಾಲದ ಲೆಕ್ಕ ಹಾಕುವ ಕಟ್ಟಡ, ಬಿಷ್ಕೆಕ್‌ನ ನಡುಮಧ್ಯೆ ನಾಲ್ಕು ಮಹಡಿ ಎತ್ತರ ನಿಂತಿದೆ, ಒಂದು ಕೆಟಲಿಗೆ ಮುಖ ಸಪ್ಪೆ ಮಾಡಿಕೊಳ್ಳುತ್ತದೆ, ನಗಬೇಕು, ಇನ್ನೊಂದು ದಿನ ನಗುತ್ತೇನೆ, ಇವತ್ತು ಪರದೆಯ ಮೇಲೆ ಕೆಂಪಕ್ಷರದ ಅದೇ ಸಾಲು, ಪರಿಹಾರ ಸಿಗಲಿಲ್ಲ, ಬೆಳಿಗ್ಗೆಯಿಂದ ಏಳು ಸಲ ಓಡಿಸಿದೆ, ಏಳು ಸಲವೂ ಅದೇ, ಪರಿಹಾರ ಸಿಗಲಿಲ್ಲ, ಪರದೆಯ ಪಕ್ಕದಲ್ಲಿ ಆ ಕಾಗದ, ಕೆಳಗೆ ಗೆರೆ, ಗೆರೆಯ ಮುಂದೆ ನನ್ನ ಹೆಸರು ಅಚ್ಚಾಗಿದೆ, ಕುಮುಶೈ, ಲೆಕ್ಕದ ವಿಭಾಗದ ಹಿರಿಯ ಎಂಜಿನಿಯರ್, ಸಹಿ ಮಾತ್ರ ಬಾಕಿ, ಹನ್ನೊಂದು ಗಂಟೆಗೆ ಸಭೆ, ಹನ್ನೊಂದಕ್ಕೆ ಮುಂಚೆ ಸಹಿ ಹಾಕಿ ತಾ ಅಂದಿದ್ದಾರೆ, ತಾಶ್-ಬೆಲ್‌ನ ಹಳೆಯ ಕಂಬಳಿ ಕಾರ್ಖಾನೆಯಲ್ಲಿ ಅದಿರು ಅರೆಯುವ ಗಿರಣಿ ಬರುತ್ತದಂತೆ, ಎಂಟು ಮೆಗಾವ್ಯಾಟ್ ಬೇಕಂತೆ, ಜನವರಿಯೊಳಗೇ ಬೇಕಂತೆ, ಕೊಟ್ಟರೂ ಊರಿನ ವೋಲ್ಟೇಜ್ ಗಟ್ಟಿಯಾಗಿ ನಿಲ್ಲುತ್ತದೆ ಅಂತ ನಾನು ಬರೆದುಕೊಡಬೇಕು, ನನ್ನ ಊರಿನ ವೋಲ್ಟೇಜ್ ಬಗ್ಗೆ ನಾನೇ — ಕೊಡುವುದಿಲ್ಲ, ಕೊಡುವುದಿಲ್ಲ ಅಂದರೆ ಕೊಡುವುದಿಲ್ಲ, ಮೂರು ದಿನದ ಹಿಂದಿನವರೆಗೆ ಕೊಡುತ್ತಿದ್ದೆ, ಅದು ನನ್ನನ್ನು ಚುಚ್ಚುತ್ತಿದೆ, ಮೂರು ದಿನದ ಹಿಂದೆ ಇದೇ ಪ್ರೋಗ್ರಾಮು ಸಲೀಸಾಗಿ ಉತ್ತರ ಕೊಟ್ಟಿತ್ತು, ಹತ್ತು ಪಾಯಿಂಟ್ ಒಂದು ಕಿಲೋವೋಲ್ಟ್, ಹಸಿರಕ್ಷರದಲ್ಲಿ, ಆಮೇಲೆ ನಾನು ಒಂದೇ ಒಂದು ಸಾಲು ಬದಲಿಸಿದೆ, ತಾಶ್-ಬೆಲ್‌ನ ಟ್ರಾನ್ಸ್‌ಫಾರ್ಮರು, ಹಿಡಿಕೆ ತಿರುಗಿಸಿ ವೋಲ್ಟೇಜ್ ಏರಿಸಿ ಇಳಿಸುವ ಅದರ ಮೆಟ್ಟಿಲು, ಒಂದರಿಂದ ಹತ್ತೊಂಬತ್ತರವರೆಗೆ ಅಂತ ಇದ್ದದ್ದನ್ನು ಅಳಿಸಿ ಒಂಬತ್ತು ಅಂತ ಬರೆದೆ, ಬರೀ ಒಂಬತ್ತು, ಅಷ್ಟೇ, ಇಡೀ ಲೆಕ್ಕ ಮಗ್ಗುಲು ಮಗುಚಿಕೊಂಡು ಬಿತ್ತು.

ನಿನ್ನೆ ಮಧ್ಯಾಹ್ನ ಸಾಗಿನ್‌ಬೆಕ್ ದೂತೊವಿಚ್ ತಮ್ಮ ಕೋಣೆಗೆ ಕರೆದರು, ನಮ್ಮ ಮುಖ್ಯ ಎಂಜಿನಿಯರು, ಸಭೆಯಲ್ಲಿ ದೂತೊವಿಚ್, ಚಹಾದ ಮುಂದೆ ಬೈಕೆ, ಅಣ್ಣ ಅಂತ ಕರೆಯಬಹುದು, ನನ್ನನ್ನು ಈ ಕೆಲಸಕ್ಕೆ ತಂದವರೇ ಅವರು, ಮೇಜಿನ ಮೇಲೆ ಬಟ್ಟಲ ತುಂಬ ಬೊರ್ಸೊಕ್ ಸುರಿದಿದ್ದರು, ಎಣ್ಣೆಯಲ್ಲಿ ಕರಿದ ಆ ಪುಟ್ಟ ದಿಂಬುಗಳು ಇನ್ನೂ ಬೆಚ್ಚಗಿದ್ದವು, ತಿನ್ನು ಮಗಳೇ ತಿನ್ನು, ಏನು, ನಿನ್ನ ಪ್ರೋಗ್ರಾಮಿಗೆ ಬಾಯಿ ಬಿದ್ದುಹೋಗಿದೆಯಂತೆ? ಬಿದ್ದಿಲ್ಲ ಬೈಕೆ, ಮಾತಾಡ್ತಾನೇ ಇದೆ, ಆಗಲ್ಲ ಅಂತಿದೆ. ಆಗಲ್ಲ ಅನ್ನೋದು ಒಂದು ಉತ್ತರವಾ, ಆಗಲ್ಲ ಅನ್ನೋಕೆ ಎಂಜಿನಿಯರ್ ಯಾಕಮ್ಮಾ ಬೇಕು, ನಮ್ಮ ಗೇಟಿನ ಕಾವಲಿನವನು ದಿನಾ ಎಲ್ಲರಿಗೂ ಅದನ್ನೇ ಅಂತಾನೆ. ಬೊರ್ಸೊಕ್ ಬಾಯಲ್ಲಿಟ್ಟುಕೊಂಡೇ ನಗುತ್ತಾರೆ, ಅವರ ನಗು ಒಳ್ಳೆಯದು, ಅದೇ ಕಷ್ಟ, ಕೆಟ್ಟ ಮನುಷ್ಯನಾಗಿದ್ದರೆ ಎಷ್ಟು ಆರಾಮಿತ್ತು — ಆ ಮೆಟ್ಟಿಲನ್ನ ಯಾಕೆ ಕಟ್ಟಿಹಾಕಿದೀಯ, ಬಿಚ್ಚಿಬಿಡು, ಓಡಾಡಲಿ, ಪರಿಹಾರ ತಾನಾಗೇ ಬರುತ್ತೆ. ಬರುತ್ತೆ ಬೈಕೆ, ಹದಿನೇಳನೇ ಮೆಟ್ಟಿಲಲ್ಲಿ ಬರುತ್ತೆ, ಆ ಹದಿನೇಳು ಅಲ್ಲಿ ಇಲ್ಲ. ಕಾಗದದಲ್ಲಿ ಇದೆಯಲ್ಲ. ಕಾಗದದಲ್ಲಿ ಇದೆ. ಆಗ ಅವರು ಎದ್ದು ಕಪಾಟಿನಿಂದ ಆ ದಪ್ಪ ಕಡತ ತೆಗೆದರು, ಬೊರ್ಸೊಕ್ ಬಟ್ಟಲು ಪಕ್ಕಕ್ಕೆ ಸರಿಸಿ ನನ್ನ ಮುಂದೆ ಬಿಚ್ಚಿದರು, ಪ್ರತಿ ಚಳಿಗಾಲದ ಒಂದೊಂದು ಹಾಳೆ, ಮೆಟ್ಟಿಲು ಹದಿನಾರು, ವೋಲ್ಟೇಜ್ ಹತ್ತು ಪಾಯಿಂಟ್ ಎರಡು, ಮೆಟ್ಟಿಲು ಹದಿನೈದು, ಮೆಟ್ಟಿಲು ಹದಿನಾರು, ಇಪ್ಪತ್ತೆಂಟು ಹಾಳೆ, ಇಪ್ಪತ್ತೆಂಟರಲ್ಲೂ ಕೆಳಗೆ ದುಂಡಗಿನ ಆ ಸಹಿ, ಟೊಕ್ಟೊಬೂಬು, ನನ್ನ ಅಪಾ, ನನ್ನ ಹೆತ್ತ ತಾಯಿ. ನಾಳೆ ಸಭೆಯಲ್ಲಿ ನಿನ್ನನ್ನ ಕೇಳ್ತಾರೆ ಮಗಳೇ, ನಾನಲ್ಲದಿದ್ರೆ ಇನ್ನೊಬ್ಬರು ಕೇಳ್ತಾರೆ, ನಿನ್ನ ತಾಯಿ ಇಪ್ಪತ್ತೆಂಟು ವರ್ಷ ಸುಳ್ಳು ಬರೆದಳಾ ಅಂತ, ಏನಂತೀಯ? ಕೈಯಲ್ಲಿದ್ದ ಅರ್ಧ ಬೊರ್ಸೊಕ್ ಬಟ್ಟಲಿಗೆ ವಾಪಸ್ ಇಟ್ಟೆ, ಅವರು ಎದ್ದು ನನ್ನ ಲೋಟಕ್ಕೆ ಚಹಾ ಹಾಕಿದರು.

ಉಗುರು, ಮೊದಲು ಆ ಉಗುರು ನೆನಪಾಗುತ್ತದೆ, ಅಪಾಳ ಬಲಗೈ ತೋರುಬೆರಳಿನ ಉಗುರು, ಗೋಡೆಯ ಮೀಟರಿನ ಗಾಜಿನ ಮೇಲೆ ಟಕ್ ಟಕ್ ಅಂತ ಎರಡು ಸಲ, ಹಳೆಯ ಮೀಟರಿನ ಮುಳ್ಳು ಸೋಮಾರಿ ಕಣೇ, ಅಂಟಿಕೊಂಡು ಕೂತಿರುತ್ತೆ, ತಟ್ಟಿ ಎಬ್ಬಿಸಿದ ಮೇಲೇ ಅದರ ಮಾತು ನಂಬಬೇಕು, ಟಕ್ ಟಕ್, ಮುಳ್ಳು ಬೆಚ್ಚಿ ನಡುಗುತ್ತದೆ, ಆಮೇಲೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ, ತಾಶ್-ಬೆಲ್ ಸಬ್‌ಸ್ಟೇಷನ್ನಿನ ಆ ಸಣ್ಣ ಕೋಣೆ, ಹಸಿರು ಗೋಡೆ, ಕಬ್ಬಿಣದ ಒಲೆ, ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂತು ಗುಣಾಕಾರ ಮಾಡುತ್ತಿದ್ದೆ, ಒಂಬತ್ತು ವರ್ಷ ನನಗೆ, ಹೊರಗೆ ಹಿಮದಲ್ಲಿ ಟ್ರಾನ್ಸ್‌ಫಾರ್ಮರು ಗುಂಯ್ ಅನ್ನುತ್ತದೆ, ಮನೆಮನೆಯಲ್ಲಿ ಕಲ್ಲಿದ್ದಲು ಮುಗಿದು ಎಲ್ಲರೂ ಹೀಟರ್ ಹಾಕಿದ ಮೊದಲ ಚಳಿಗಾಲ ಅದು, ಒಕ್ಕೂಟ ಒಡೆದುಹೋಗಿತ್ತು, ಬಿಡಿಭಾಗ ಕಳಿಸುತ್ತಿದ್ದ ಕಾರ್ಖಾನೆ ಬೇರೆ ದೇಶದ ಪಾಲಾಗಿತ್ತು, ಮುಳ್ಳು ಇಳಿಯುತ್ತಾ ಇಳಿಯುತ್ತಾ, ಬಿಷ್ಕೆಕ್‌ನ ಈ ಕಟ್ಟಡದಿಂದ ಫೋನು ಬಂತು, ಊರಿನ ವೋಲ್ಟೇಜ್ ಬೀಳ್ತಿದೆ, ಒಂಬತ್ತರಿಂದ ಹತ್ತಕ್ಕೆ ಏರಿಸಿ, ಅಪಾ ಶಾಲು ಹೊದ್ದು ಹೊರಗೆ ಹೋದಳು, ಹಿಡಿಕೆ ತಿರುಗಿಸುವುದು ಕಿಟಕಿಯಿಂದ ಕಾಣುತ್ತಿತ್ತು, ಒಂದು ಸುತ್ತು, ಎರಡು, ಆಮೇಲೆ ಒಳಗೆ ಏನೋ ಸಿಡಿಯಿತು, ಸದ್ದಿಗಿಂತ ಮೊದಲು ಬಿಳಿ ಬೆಳಕು, ಕುದಿಯುವ ಎಣ್ಣೆ ಮೇಲಕ್ಕೆ ಚಿಮ್ಮಿತು, ಅಪಾ ಹಿಮದ ಮೇಲೆ ಕೂತಿದ್ದಳು, ಹುಬ್ಬು ಇರಲಿಲ್ಲ, ಎಡಗೈಯನ್ನು ಹಿಮದೊಳಗೆ ತುರುಕಿಕೊಂಡಿದ್ದಳು, ನನ್ನನ್ನು ನೋಡಿ ಏನಂದಳು ಗೊತ್ತೇ, ಒಳಗೆ ಹೋಗು, ಲೆಕ್ಕ ಮಾಡು. ರಿಪೇರಿಯವರು ವಾರದ ಮೇಲೆ ಬಂದು ಹೇಗೋ ಮತ್ತೆ ಒಂಬತ್ತಕ್ಕೆ ತಂದು ಕೂರಿಸಿದರು, ಮೇಲಿನ ಮೆಟ್ಟಿಲುಗಳೆಲ್ಲ ಸುಟ್ಟು ಹೋಗಿವೆ ಎಜೆ, ಇನ್ನು ಇದನ್ನ ಮುಟ್ಟಬೇಡಿ, ಮುಟ್ಟಿದರೆ ಊರಿಗೆ ಊರೇ ಕತ್ತಲೆ ಅಂದರು, ಎಜೆ ಅಂದರು, ಅಕ್ಕ ಅಂತ, ಮರ್ಯಾದೆಯಿಂದ, ಅಪಾ ಹಿಡಿಕೆಯ ಪೆಟ್ಟಿಗೆಗೆ ಒಂದು ದಪ್ಪ ಬೀಗ ಜಡಿದಳು, ಕೀಲಿಗೆ ನೀಲಿ ಉಣ್ಣೆಯ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಳು, ಆಮೇಲೆ ಯಾವಾಗ ಅಪ್ಪಿಕೊಂಡರೂ ಆ ಕೀಲಿ ನನ್ನ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು.

ಆದರೆ ಫೋನು ನಿಲ್ಲಲಿಲ್ಲವಲ್ಲ, ಫೋನು ಬರುತ್ತಲೇ ಇತ್ತು, ನಮ್ಮಲ್ಲಿ ಆದೇಶ ಕೇಳಿದವರು ಅದನ್ನು ಮರುನುಡಿಯಬೇಕು, ತಪ್ಪು ಕೇಳಿಸಿಕೊಂಡು ಯಾರೂ ಸಾಯಬಾರದು ಅಂತ ಮಾಡಿದ ನಿಯಮ, ಒಳ್ಳೆಯ ನಿಯಮ, ತಾಶ್-ಬೆಲ್, ಹನ್ನೆರಡಕ್ಕೆ ಏರಿಸಿ, ಹನ್ನೆರಡಕ್ಕೆ ಏರಿಸ್ತೀನಿ, ಏರಿಸಿದ್ರಾ, ಹನ್ನೆರಡಕ್ಕೆ ಏರಿದೆ, ಅಪಾ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹಿಟ್ಟು ಲಟ್ಟಿಸಿ ಶ್ಯಾವಿಗೆ ಕತ್ತರಿಸುತ್ತಲೇ ಮರುನುಡಿಯುತ್ತಾಳೆ, ಒಂದೇ ಒಂದು ಶ್ಯಾವಿಗೆ ಅಡ್ಡಾದಿಡ್ಡಿ ಆಗುವುದಿಲ್ಲ, ಮರುನುಡಿದದ್ದೇ ಮಾಡಿದ್ದು ಅಂತಾಯಿತು, ಆ ಕಡೆಯವನಿಗೂ ಗೊತ್ತು, ಈ ಕಡೆಯವಳಿಗೂ ಗೊತ್ತು, ಆ ಕಡೆಯವನು ಬದಲಾದ, ಹೊಸಬನಿಗೆ ಗೊತ್ತಿಲ್ಲ, ಈಗ ಯಾರಿಗೂ ಗೊತ್ತಿಲ್ಲ, ಹದಿನಾರಕ್ಕೆ ಏರಿದೆ. ಡಿಸೆಂಬರಿನ ಮೂರನೇ ಬುಧವಾರ ಅಳತೆಯ ದಿನ, ದೇಶದ ಎಲ್ಲ ಸಬ್‌ಸ್ಟೇಷನ್ನುಗಳಲ್ಲೂ ಗಂಟೆಗೊಮ್ಮೆ ಮುಳ್ಳು ನೋಡಿ ಬರೆಯಬೇಕು, ಆ ಹಾಳೆಗಳೇ ಈ ಕಟ್ಟಡಕ್ಕೆ ಬಂದು ನಮ್ಮ ಲೆಕ್ಕದ ಮಾದರಿಗೆ ಅಡಿಪಾಯವಾಗುತ್ತವೆ, ಅಪಾಗೆ ಒಂದು ಕಷ್ಟ ಬಂತು, ಮೆಟ್ಟಿಲು ಹದಿನಾರು ಅಂತ ಬರೆದು ಪಕ್ಕದಲ್ಲಿ ಒಂಬತ್ತು ಪಾಯಿಂಟ್ ಒಂದು ಅಂತ ಬರೆದರೆ ಸಿಕ್ಕಿಬೀಳುತ್ತಾಳೆ, ಹಾಗಾಗಿ ಒಂದು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಕೋಷ್ಟಕ ಮಾಡಿಕೊಂಡಳು, ಮುಳ್ಳು ಇಲ್ಲಿದ್ದರೆ, ಮೆಟ್ಟಿಲು ಇಷ್ಟಿದ್ದಿದ್ದರೆ, ವೋಲ್ಟೇಜ್ ಎಷ್ಟಿರುತ್ತಿತ್ತು, ಎಷ್ಟು ಚೊಕ್ಕಟವಾದ ಲೆಕ್ಕ, ಒಂದೊಂದು ಮೆಟ್ಟಿಲಿಗೂ ನೂರಕ್ಕೆ ಒಂದೂಮುಕ್ಕಾಲು, ಎಂಟನೇ ತರಗತಿ ಓದಿದ ಹೆಂಗಸು ತಾನೇ ಒಂದು ಮಾದರಿ ಕಟ್ಟಿದಳು — ಅಯ್ಯೋ, ನಾನು ಹದಿನೈದು ವರ್ಷ ಈ ಕುರ್ಚಿಯಲ್ಲಿ ಕೂತು ನನ್ನ ಮಾದರಿಯನ್ನು ಆ ಹಾಳೆಗಳಿಗೆ ಹೊಂದಿಸಿದೆ, ಎಲ್ಲಾ ಕಡೆ ಅಷ್ಟಿಷ್ಟು ತಪ್ಪು ಬರುತ್ತಿತ್ತು, ತಾಶ್-ಬೆಲ್‌ನಲ್ಲಿ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ನೋಡಿ ನೋಡಿ ನಮ್ಮೂರಿನ ಹಾಳೆ ಅಂತ ಎಲ್ಲರಿಗೂ ತೋರಿಸಿಕೊಂಡು ಜಂಭ ಪಟ್ಟೆ, ಹೊಂದದೇ ಏನು ಮಾಡುತ್ತದೆ, ಅವಳ ಮಾದರಿಯನ್ನು ನನ್ನ ಮಾದರಿ ನೋಡುತ್ತಿತ್ತು, ಕನ್ನಡಿಗೆ ಕನ್ನಡಿ ಹಿಡಿದ ಹಾಗೆ, ಮಧ್ಯದಲ್ಲಿ ಮುಳ್ಳು ಇರಲೇ ಇಲ್ಲ. ಬೀಗ ನಾನು ಕಣ್ಣಾರೆ ಕಂಡದ್ದು, ಕೆನ್ನೆಯಾರೆ ಕಂಡದ್ದು, ಆದರೂ ಹದಿನಾರು ಅಂತ ಅಚ್ಚುಕಟ್ಟಾಗಿ ಬರೆದದ್ದು ನೋಡಿ ಯಾವಾಗಲೋ ರಿಪೇರಿ ಆಗಿರಬೇಕು ಅಂದುಕೊಂಡೆ, ಒಂದು ಮಾತು ಕೇಳಲಿಲ್ಲ. ಓದಿದವಳು ನಾನು.

ಹೋದ ಜನವರಿಯಲ್ಲಿ ಬೆಗಿಮೈ ಫೋನು ಮಾಡಿದ್ದಳಲ್ಲ, ಚಿಕ್ಕಮ್ಮನ ಮಗಳು, ತಾಶ್-ಬೆಲ್ ಹೆರಿಗೆಮನೆಯಲ್ಲಿ ದಾದಿ, ಏ ಕುಮುಶೈ, ನೀನು ಕರೆಂಟಿನೋಳಲ್ವಾ, ಕರೆಂಟು ಸರಿ ಮಾಡೇ, ಮಗು ಏಳು ತಿಂಗಳಿಗೇ ಹುಟ್ಟಿದೆ, ಕೈಯಲ್ಲಿ ಹಿಡಿದರೆ ಸೇಬಿಗಿಂತ ಸ್ವಲ್ಪ ದೊಡ್ಡದು, ಬೆಚ್ಚಗಿಡೋ ಪೆಟ್ಟಿಗೆ ಆರಿ ಆರಿ ಹೋಗ್ತಿದೆ, ಪೀಂ ಅನ್ನುತ್ತೆ, ಆರುತ್ತೆ, ವೋಲ್ಟೇಜ್ ನೂರಎಪ್ಪತ್ತು ತೋರಿಸ್ತಿದೆ, ಆ ಪೆಟ್ಟಿಗೆಗೆ ನೂರಎಪ್ಪತ್ತು ಸಾಲಲ್ವಂತೆ. ನಾನು ಮಾದರಿ ತೆಗೆದು ನೋಡಿದೆ, ಇದೇ ಕುರ್ಚಿ, ಇದೇ ಪರದೆ, ಹಸಿರಕ್ಷರ, ಇನ್ನೂರಹದಿನೈದು, ನಿಮ್ಮ ಕಟ್ಟಡದ ವೈರಿಂಗ್ ಕೆಟ್ಟಿರಬೇಕು ಬೆಗಿಮೈ, ನನ್ನ ಲೆಕ್ಕದಲ್ಲಿ ಸರಿಯಾಗೇ ಇದೆ ಅಂದೆ. ನಿನ್ನ ಲೆಕ್ಕಾನ ಇಲ್ಲಿಗೆ ಕಳಿಸು, ಮಗೂಗೆ ಹೊದಿಸ್ತೀನಿ ಅಂದಳು, ಫೋನಿಟ್ಟಳು. ನಿಂಬೆ ಪಾನಕದ ಖಾಲಿ ಬಾಟಲಿಗಳಿಗೆ ಬಿಸಿನೀರು ತುಂಬಿ ಮಗುವಿನ ಎರಡೂ ಕಡೆ ಇಟ್ಟು, ಆರಿದ ಹಾಗೆಲ್ಲ ಬದಲಿಸುತ್ತ, ಎರಡು ದಿನ ಕೂತಿದ್ದಳಂತೆ, ಬದುಕಿತು, ಆ ಬಾಟಲಿಗಳಿಂದ ಬದುಕಿತು, ನನ್ನಿಂದಲ್ಲ. ಅಕ್ಟೋಬರಿನಲ್ಲಿ ಊರಿಗೆ ಹೋದಾಗ ಸಬ್‌ಸ್ಟೇಷನ್ ಮುಂದೆ ಹಾದುಹೋಗುತ್ತಿದ್ದೆ, ಸುಮ್ಮನೆ ಒಳಗೆ ಕಾಲಿಟ್ಟೆ, ಹಿಡಿಕೆಯ ಪೆಟ್ಟಿಗೆ ಅಲ್ಲೇ ಇದೆ, ಅದೇ ಬೀಗ, ಅದರ ಮೇಲೆ ಬೂದು ಬಣ್ಣ ಬಳಿದಿದ್ದಾರೆ, ಒಂದು ಸಲವಲ್ಲ, ಪದರ ಪದರವಾಗಿ, ಕೀಲಿಯ ತೂತೇ ಕಾಣುವುದಿಲ್ಲ, ಒಳಗೆ ಗೋಡೆಯ ಮೀಟರಿನ ಮುಳ್ಳು ಒಂಬತ್ತು ಪಾಯಿಂಟ್ ಒಂದರಲ್ಲಿ, ಅಪಾಳ ಜಾಗಕ್ಕೆ ಬಂದಾತ ಹಿಂದೆ ಟ್ರಾಕ್ಟರ್ ಓಡಿಸುತ್ತಿದ್ದವನು, ಎಜೆ, ಇದರ ಕೀಲಿ ನಾನು ನೋಡೇ ಇಲ್ಲ, ನಿಮ್ಮ ತಾಯಿ ನನಗೆ ರಟ್ಟು ಕೊಟ್ಟಿದ್ದಾರೆ, ಅದು ನೋಡಿ ಬರೀತೀನಿ ಅಂದ, ಎಷ್ಟು ಸಹಜವಾಗಿ ಅಂದ. ಆ ರಟ್ಟನ್ನು ಅವನು ಗಾಜು ಹಾಕಿಸಿ ಗೋಡೆಗೆ ತಗುಲಿಹಾಕಿದ್ದಾನೆ. ನೋಡಿಯೂ ಸುಮ್ಮನೆ ವಾಪಸ್ ಬಂದೆ, ಮೂರು ದಿನದ ಹಿಂದೆ ಗಿರಣಿಗೂ ಹಸಿರಕ್ಷರ ಬಂದಾಗಲೇ ಆ ಬೀಗ ಕಣ್ಣಿಗೆ ಕಟ್ಟಿತು.

ನಿನ್ನೆ ಸಂಜೆ ಆರು ಗಂಟೆಗೆ ಅಪಾಗೆ ಫೋನು ಮಾಡಿದೆ, ಟ್ರಾಲಿಬಸ್ ನಿಲ್ದಾಣದಲ್ಲಿ ನಿಂತು, ಮನೆಗೆ ಹೋಗುವವರೆಗೆ ತಡೆಯಲಾಗಲಿಲ್ಲ, ಅಪಾ, ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡ. ಹಂಗಂದ್ಮೇಲೆ ಸಿಟ್ಟು ಬರೋ ಮಾತೇ, ಕೇಳು. ಹೇಳಿದೆ, ಗಿರಣಿ, ಮೆಟ್ಟಿಲು, ಹಾಳೆ, ಸಹಿ, ಎಲ್ಲ, ಅಂದ್ರೆ ಟೊಕ್ಟೊಬೂಬು ಸುಳ್ಳಿ ಅಂತ ಅಷ್ಟು ಜನರ ಮುಂದೆ ಹೇಳ್ತೀಯ ಅಂದಳು. ಹೇಳದೇ ಇದ್ರೆ ಸಹಿ ಹಾಕಬೇಕು ಅಪಾ, ಹಾಕಿದ್ರೆ ಊರು ಕತ್ತಲೆ. ಆ ಸುಳ್ಳು ತಿಂದೇ ದೊಡ್ಡವಳಾದೆ ಕಣೇ ನೀನು, ಆ ಸುಳ್ಳು ಹೊದ್ದೇ ಬಿಷ್ಕೆಕ್‌ಗೆ ಓದೋಕೆ ಹೋದೆ, ಈಗ ನಾರುತ್ತಾ? ನನ್ನ ನಿವೃತ್ತಿ ದಿನ ಗೋಡೆ ಗಡಿಯಾರ ಕೊಟ್ಟರು, ಹಾರ ಹಾಕಿದರು, ಅದನ್ನೂ ವಾಪಸ್ ಕೊಡ್ಲಾ? ಅಪಾ. ಏನು ಅಪಾ, ಬಿಡಿಭಾಗ ಕಳಿಸಿ ಅಂತ ಏಳು ಕಾಗದ ಬರೆದೆ, ಏಳು, ನಿಮ್ಮದೇ ವರದಿ ಪ್ರಕಾರ ಉಪಕರಣ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಉತ್ತರ ಬಂತು, ನನ್ನ ಸುಳ್ಳೇ ನನ್ನ ಬಾಯಿಗೆ ಬೀಗ ಹಾಕ್ತು, ಮೊದಲನೇ ಸುಳ್ಳು ಹೇಳಿಸಿದ್ದು ಯಾರು ಅಂತ ಕೇಳಲ್ವಲ್ಲ ನೀನು, ಅವತ್ತು ಏರಿಸಿ ಅಂದ ಫೋನಿನ ಆ ಕಡೆ ಯಾರಿದ್ರು ಅಂತ ನಿನ್ನ ಆ ಬೈಕೇನ ಕೇಳು. ನನಗೆ ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತು, ಟ್ರಾಲಿಬಸ್ ಬಂದು ಬಾಗಿಲು ತೆರೆದು ಮುಚ್ಚಿ ಹೋಯಿತು, ಅಪಾ ಹೇಳುತ್ತಲೇ ಇದ್ದಳು, ಮೂವತ್ತೂ ಆಗದ ಹುಡುಗ ಆಗ ಅವನು, ಫೋನಲ್ಲಿ ಆದೇಶ ಕೊಡೋ ಡಿಸ್ಪ್ಯಾಚರ್, ಅಳ್ತಿದ್ದ ಫೋನಲ್ಲಿ, ಟೊಕ್ಟೊ ಎಜೆ, ನೀವು ಮುರಿದಿರಿ ಅಂತ ಬರೆದರೆ ನಿಮ್ಮನ್ನ ಒಳಗೆ ಹಾಕ್ತಾರೆ, ನಾನು ಆದೇಶ ಕೊಟ್ಟೆ ಅಂತ ಬರೆದರೆ ನನ್ನನ್ನ ಹಾಕ್ತಾರೆ, ಏನೂ ಮುರಿದಿಲ್ಲ ಅಂತ ಬರೆಯೋಣ, ನೀವು ಮರುನುಡಿದರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ ಅಂದ, ಮನೇಲಿ ಮೂರು ಮಕ್ಕಳು ನನಗೆ, ಹುಬ್ಬಿಲ್ಲ, ಕೈ ಸುಟ್ಟಿದೆ, ಸರಿ ಅಂದೆ, ನೀನಾಗಿದ್ರೆ ಏನಂತಿದ್ದೆ? ನಾನು ಬಾಯಿ ತೆರೆಯುವಷ್ಟರಲ್ಲಿ ಫೋನಿಟ್ಟಳು, ಮತ್ತೆ ಮಾಡಿದರೆ ಎತ್ತಲಿಲ್ಲ. ಅಂದರೆ ಕರುಣೆ, ಮೊದಲನೆಯದು ಕರುಣೆಯಿಂದಲೇ ಬಂದ ಸುಳ್ಳು, ಒಬ್ಬರನ್ನೊಬ್ಬರು ಜೈಲಿನಿಂದ ಉಳಿಸಿಕೊಂಡರು, ಒಪ್ಪಿದೆ, ನಾನೂ ಸರಿ ಅನ್ನುತ್ತಿದ್ದೆ ಅಪಾ, ಅವತ್ತಿಗೆ ಸರಿ, ಆದರೆ ಮರುವರ್ಷ, ಅದರ ಮರುವರ್ಷ, ಅವರು ಮುಖ್ಯ ಎಂಜಿನಿಯರ್ ಆದ ವರ್ಷ — ನಿನ್ನೆ ಬೊರ್ಸೊಕ್ ಮುಂದೆ ಕೂರಿಸಿಕೊಂಡು ನಿನ್ನ ತಾಯಿ ಸುಳ್ಳು ಬರೆದಳಾ ಅಂತ ನನ್ನನ್ನು ಕೇಳುತ್ತಾರಲ್ಲ, ಗೊತ್ತಿದ್ದೂ ಕೇಳುತ್ತಾರಲ್ಲ.

ಕುಮುಶಾ, ಏನೋ ವಾಸನೆ ನಿನ್ನ ಮೇಜಿನ ಕೆಳಗೆ, ಗಲೀನಾ ಪೆತ್ರೊವ್ನಾ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದಾರೆ, ಕುರಿ ಸತ್ತಿದೆಯಾ? ಇಲ್ಲ, ನಮ್ಮಮ್ಮ ಕಳಿಸಿದ ಗಂಟು. ಮರೆತೇ ಹೋಗಿತ್ತು, ಒಂಬತ್ತು ಗಂಟೆಗೆ ಟ್ಯಾಕ್ಸಿಯವನು ಫೋನು ಮಾಡಿ, ಎಜೆ, ತಾಶ್-ಬೆಲ್‌ನಿಂದ ಬಂದೆ, ನಿಮ್ಮ ತಾಯಿ ಬೆಳಕು ಹರಿಯೋ ಮುಂಚೆ ದಾರಿಗೆ ಬಂದು ನಿಂತಿದ್ದರು, ಇದನ್ನ ಹನ್ನೊಂದರೊಳಗೆ ಮಗಳ ಕೈಗೆ ಕೊಡು, ತಡವಾದರೆ ಮತ್ತೆ ನನ್ನ ಮನೆ ಮುಂದೆ ಹಾಯಬೇಡ ಅಂದರು, ನಾನು ಮಂಜಲ್ಲೂ ಹಾರಿಸಿಕೊಂಡು ಬಂದೆ ಅಂದಿದ್ದ, ಕೆಳಗಿಳಿದು ಇಸಿದುಕೊಂಡೆ, ಮೇಜಿನ ಕೆಳಗೆ ತಳ್ಳಿದೆ, ಜಗಳವಾಡಿದ ಮರುದಿನ ಬೆಣ್ಣೆ ಕಳಿಸುವುದು ಅಪಾಳ ಪದ್ಧತಿ, ಕ್ಷಮೆ ಕೇಳುವುದು ಅವಳಿಗೆ ಗೊತ್ತಿಲ್ಲ, ಬೆಣ್ಣೆ ಗೊತ್ತು, ಬೇಡ ನಿನ್ನ ಬೆಣ್ಣೆ ಅಂದುಕೊಂಡೆ, ಬಿಚ್ಚಲೇ ಇಲ್ಲ. ಬಿಚ್ಚೇ ಮಾರಾಯ್ತಿ, ಕುರುತ್ ಇದ್ದರೆ ನಾಲ್ಕು ಕೊಡು, ಬರೀ ಚಹಾ ಕುಡಿದು ಕುಡಿದು ನಾಲಿಗೆ ಸತ್ತಿದೆ. ಬಿಚ್ಚುತ್ತೇನೆ, ಹಳೆಯ ತಲೆವಸ್ತ್ರದ ಗಂಟು, ಒಳಗೆ ಕುರಿಯ ಜಠರದ ಚೀಲದಲ್ಲಿ ಬೆಣ್ಣೆ, ಇನ್ನೊಂದು ಬಟ್ಟೆಚೀಲದಲ್ಲಿ ಕುರುತ್, ಉಪ್ಪು ಮೊಸರಿನ ಒಣಗಿದ ಉಂಡೆಗಳು, ಗಲೀನಾ ಪೆತ್ರೊವ್ನಾ ಕೈ ಒಡ್ಡಿದ್ದಾರೆ, ಸುರಿಯುತ್ತೇನೆ, ಒಂದು, ಎರಡು, ಐದು, ಆರನೆಯದರ ಜೊತೆ ನೀಲಿ ದಾರ — ಉಣ್ಣೆಯ ದಾರ, ಬಣ್ಣ ಬಿಟ್ಟು ಬೂದಾಗಿದೆ, ಎಳೆಯುತ್ತೇನೆ, ದಾರದ ತುದಿಗೆ, ಅವರ ಅಂಗೈ ಮೇಲೆ, ಕುರುತ್‌ನ ಬಿಳಿ ಪುಡಿ ಮೆತ್ತಿಕೊಂಡು, ಕೀಲಿ. ಇದೇನೇ, ನಿಮ್ಮೂರಲ್ಲಿ ಕುರುತ್ ಒಳಗೆ ಕಬ್ಬಿಣವೂ ಹಾಕ್ತಾರಾ? ಚೀಟಿಯಿಲ್ಲ, ಹುಡುಕಿದೆ, ತಲೆವಸ್ತ್ರ ಕೊಡವಿದೆ, ಒಂದು ಅಕ್ಷರವಿಲ್ಲ, ಕೆನ್ನೆಗೆ ಒತ್ತಿಕೊಂಡೆ, ತಣ್ಣಗಿದೆ, ಅಷ್ಟೇ ತಣ್ಣಗಿದೆ. ನಾಲ್ಕು ವರ್ಷದ ಹಿಂದೆ ನಿವೃತ್ತಳಾದವಳು ಇದನ್ನು ಯಾರಿಗೂ ಒಪ್ಪಿಸಿಲ್ಲ, ಇದಕ್ಕೆ ಎರಡನೇ ಕೀಲಿಯಿಲ್ಲ, ಕೀಲಿ ಅವಳ ಕೊರಳಲ್ಲಿ, ಬೀಗದ ಮೇಲೆ ಬಣ್ಣದ ಪದರ, ಆದರೂ ಈ ನಾಲ್ಕು ವರ್ಷದ ಹಾಳೆಗಳಲ್ಲಿ ಮೆಟ್ಟಿಲು ಇಪ್ಪತ್ತು ಸಲ ಹತ್ತಿದೆ, ಇಪ್ಪತ್ತು ಸಲ ಇಳಿದಿದೆ, ಅಪಾ, ಅಪಾ, ನೀನು ನಿನ್ನ ಸುಳ್ಳಿನ ಸಾಕ್ಷಿಯನ್ನು ನೀನೇ ಬೆಣ್ಣೆಯ ಜೊತೆ ಕಟ್ಟಿ ಕಳಿಸಿದೆಯಾ. ಅಳ್ತಿದೀಯಾ ಕುಮುಶಾ? ಇಲ್ಲ, ಗಲೀನಾ ಪೆತ್ರೊವ್ನಾ, ಗಂಟೆ ಎಷ್ಟು. ಹನ್ನೊಂದಕ್ಕೆ ಎರಡು ನಿಮಿಷ.

ಉದ್ದದ ಮೇಜು, ಹನ್ನೆರಡು ಜನ, ನೀರಿನ ಬಾಟಲಿಗಳು ಸಾಲಾಗಿ, ಬಾಟಲಿ ಕಂಡರೆ ಬೆಗಿಮೈ ನೆನಪಾಗುತ್ತಾಳೆ, ಗಿರಣಿಯ ಕಡೆಯವರು ಇಬ್ಬರು ಹೊಸ ಕೋಟು, ಎಲ್ಲ ರಷ್ಯನ್ ಭಾಷೆಯಲ್ಲಿ, ಸಭೆಯಲ್ಲಿ ನಾವು ರಷ್ಯನ್ ಆಡುತ್ತೇವೆ, ಬೈಯುವುದಕ್ಕೂ ಅಳುವುದಕ್ಕೂ ಮಾತ್ರ ನಮ್ಮದು, ಸಾಗಿನ್‌ಬೆಕ್ ದೂತೊವಿಚ್ ಕನ್ನಡಕ ಏರಿಸಿ, ಲೆಕ್ಕದ ವಿಭಾಗದ ಅಭಿಪ್ರಾಯ, ದಯವಿಟ್ಟು. ಎದ್ದು ನಿಂತೆ, ಪರಿಹಾರ ಇಲ್ಲ ಅಂದೆ, ಎಂಟು ಮೆಗಾವ್ಯಾಟ್ ಕೊಟ್ಟರೆ ತಾಶ್-ಬೆಲ್‌ನ ವೋಲ್ಟೇಜ್ ನಿಲ್ಲುವುದಿಲ್ಲ, ಕುಸಿಯುತ್ತದೆ, ಗಿರಣಿಯ ಮೋಟಾರೂ ತಿರುಗುವುದಿಲ್ಲ, ಊರೂ ಉಳಿಯುವುದಿಲ್ಲ, ಪರಿಹಾರ ಇಲ್ಲ ಅನ್ನುವುದೇ ನನ್ನ ಉತ್ತರ, ಹೊಸ ಕೋಟಿನವನು, ಪ್ರೋಗ್ರಾಮು ಕೆಟ್ಟಿದೆಯೇ ಅಂದ, ಇಲ್ಲ, ಮೊದಲ ಸಲ ಸರಿಯಾಗಿದೆ ಅಂದೆ. ದೂತೊವಿಚ್ ಕಡತ ಮುಂದೆ ತಳ್ಳಿದರು, ಇಪ್ಪತ್ತೆಂಟು ಹಾಳೆ, ಇದರಲ್ಲಿ ಹದಿನಾರು ಅಂತಿದೆ, ನೀವು ಒಂಬತ್ತು ಅನ್ನುತ್ತೀರಿ, ಇದರ ಮೇಲಿನ ಸಹಿ ನಿಮ್ಮ ತಾಯಿಯವರದು, ಅವರು ಸುಳ್ಳು ಬರೆದರು ಎನ್ನುತ್ತೀರಾ — ಬಹುವಚನದಲ್ಲಿ ಕೇಳಿದರು, ಮರ್ಯಾದೆಯಿಂದ ಕೇಳಿದರು, ಕಣ್ಣು ಮಾತ್ರ ಬೇಡ ಮಗಳೇ ಅನ್ನುತ್ತಿತ್ತು, ಬೇಡ ಅನ್ನುವ ಆ ಕಣ್ಣು ನೋಡಿಯೇ ಹೌದು ಅಂದೆ, ಬರೆದಳು, ಇಪ್ಪತ್ತೆಂಟು ಚಳಿಗಾಲ ಬರೆದಳು, ಹೇಳಿದವರು ಹೇಳಿದರು, ಕೇಳಿಸಿಕೊಂಡವರು ಕೇಳಿಸಿಕೊಂಡರು, ನಾನು ಅದರ ಮೇಲೆ ಹದಿನೈದು ವರ್ಷ ಲೆಕ್ಕ ಕಟ್ಟಿದೆ, ಬರೆದುಕೊಳ್ಳುವುದಾದರೆ ಮೂವರ ಹೆಸರನ್ನೂ ಬರೆದುಕೊಳ್ಳಿ, ಇದು ಆ ಹಿಡಿಕೆಯ ಬೀಗದ ಕೀಲಿ, ಒಂದೇ ಕೀಲಿ, ಇವತ್ತು ಬೆಳಗಿನವರೆಗೂ ನನ್ನ ತಾಯಿಯ ಕೊರಳಲ್ಲಿತ್ತು, ಮೂರು ಜನ ಹೋಗಿ ಬೀಗದ ಮೇಲಿನ ಬಣ್ಣ ಕೆರೆದು ನೋಡಿ ಬನ್ನಿ, ಎಷ್ಟು ಪದರವಿದೆ ಎಣಿಸಿ, ಆಮೇಲೆ ನನ್ನನ್ನು ಮನೆಗೆ ಕಳಿಸಬೇಕಿದ್ದರೆ ಕಳಿಸಿ, ಸಹಿ ಮಾತ್ರ ಇದಕ್ಕೆ ಬೀಳುವುದಿಲ್ಲ. ನನ್ನ ಹೆಸರಿನ ಮುಂದಿನ ಗೆರೆಯ ಮೇಲೆ ದೊಡ್ಡದಾಗಿ ಒಂಬತ್ತು ಅಂತ ಬರೆದು ಕಾಗದವನ್ನೂ ಕೀಲಿಯನ್ನೂ ಅವರ ಮುಂದೆ ಸರಿಸಿದೆ.

ತಲೆಯ ಮೇಲಿನ ದೀಪ ಮಂಕಾಗಿ ಮತ್ತೆ ಬೆಳಗುತ್ತದೆ, ಗಲೀನಾ ಪೆತ್ರೊವ್ನಾ, ಎರಡನೇ ಚಹಾ, ದೂತೊವಿಚ್ ಕೀಲಿಯನ್ನು ನೋಡುತ್ತಿದ್ದಾರೆ, ನೀಲಿ ದಾರವನ್ನು, ಕಾಗದವನ್ನು ಅಲ್ಲ, ಕನ್ನಡಕ ತೆಗೆದಿಟ್ಟರು, ಮುಖ ಒಮ್ಮೆಗೇ ಮುದಿಯಾಯಿತು, ಇಲ್ಲ, ಎಳೆಯದಾಯಿತು, ಮೂವತ್ತೂ ಆಗದವನದಾಯಿತು, ಫೋನಿನ ಆ ಕಡೆ ಅಳುತ್ತಿದ್ದವನದು, ಹೊಸ ಕೋಟಿನವನು ಏನೋ ಹೇಳಲು ಹೋದ, ಇವರು ಕೈ ಎತ್ತಿ ತಡೆದರು, ನನ್ನ ಕಡೆ ತಿರುಗಿದರು, ಸಭೆಯ ಭಾಷೆ ಬಿಟ್ಟು ನಮ್ಮ ಮಾತಿನಲ್ಲಿ, ಮೆಲ್ಲಗೆ, ಮೂವತ್ತೆರಡು ವರ್ಷ ಈ ಕಟ್ಟಡದಿಂದ ಯಾರೂ ಕೇಳದೇ ಇದ್ದದ್ದನ್ನು ಕೇಳಿದರು, ಮಗಳೇ, ಮುಳ್ಳು ಎಲ್ಲಿ ನಿಂತಿದೆ? ಒಂಬತ್ತು ಪಾಯಿಂಟ್ ಒಂದು ಬೈಕೆ. ಒಂಬತ್ತು ಪಾಯಿಂಟ್ ಒಂದು, ಅವರು ಮರುನುಡಿದರು, ತೋರುಬೆರಳಿನ ಉಗುರಿನಿಂದ ಕೀಲಿಯ ಪಕ್ಕ ಮೇಜಿನ ಮೇಲೆ ಎರಡು ಸಲ ತಟ್ಟಿದರು, ಟಕ್ ಟಕ್, ಹಸಿರು ಗೋಡೆ, ಗಾಜು, ಅಪಾಳ ಉಗುರು, ಮುಳ್ಳು ಬೆಚ್ಚಿ ನಡುಗುತ್ತದೆ, ಬಂದು ನಿಲ್ಲುತ್ತದೆ, ಅಲ್ಲೇ, ಟಕ್ ಟಕ್, ನಡುಗುತ್ತದೆ, ನಿಲ್ಲುತ್ತದೆ, ಅಲ್ಲೇ